ಅಪ್ಪನ ಸೇಫ್ಟಿ ರೇಜರು

ನಾನು ಚಿಕ್ಕವಳಿದ್ದ ಕಾಲದಲ್ಲಿ ಅಂದಚೆಂದದ ವಸ್ತುಗಳನ್ನೆಲ್ಲ ಇಡಲು ನಮ್ಮ ಮಡಕಶಿರಾದ ಮನೆಗೆ ಒಂದು ಗೋಡೆಗೂಡು ಸಾಕಾಗುತ್ತಿತ್ತು. ಅರಿಶಿನದ ಕೊಂಬು, ಸೀಗೆಪುಡಿಯ ಕುಡಿಕೆ, ಹರಳೆಣ್ಣೆಯ ದೀಪಕ್ಕೆ ತಟ್ಟೆ ಹಿಡಿದು ಕೂಡಿಸಿದ ಕಾಡಿಗೆ, ಕುಂಕುಮದ ಭರಣಿ. ಇವುಗಳ ಆಚೆಗೂ ಚೆಲುವು ಎಂಬುದೊಂದು ಇದೆಯೆಂದು ನಮಗೆ ಯಾರೂ ಹೇಳಿರಲಿಲ್ಲ. ಆದುದರಿಂದ ಆ ಗೂಡಿನಲ್ಲಿ ಒಂದು ದಿನ ಕನ್ನಡಿಯಂತೆ ಹೊಳೆಯುವ ಪುಟ್ಟ ತಗಡಿನ ಡಬ್ಬಿ ಬಂದು ಕುಳಿತಾಗ ನಾವೆಲ್ಲ ಅದನ್ನು ದೂರದಿಂದಲೇ ನೋಡಿದೆವು. ಅದರೊಳಗಿದ್ದುದು ಸೇಫ್ಟಿ ರೇಜರು. ತಂದವರು ಅಪ್ಪ.

ಅಪ್ಪ ಕೋಟೆ ಬೀದಿಯ ಟೈಲರು. ಆಗ ನಮ್ಮದು ಮದರಾಸು ಸರಕಾರದ ಸೀಮೆ. ಬಂಡಿ ಕಟ್ಟಿಕೊಂಡು ಸ್ವಲ್ಪ ದೂರ ಹೋದರೆ ಮೈಸೂರು ಮಹಾರಾಜರ ಸೀಮೆ. ಹೀಗಾಗಿ ಹೊಸ ಫ್ಯಾಷನ್ನುಗಳು ಎರಡೂ ದಿಕ್ಕಿನಿಂದ ನಮ್ಮ ಊರಿಗೆ ನುಗ್ಗುತ್ತಿದ್ದವು, ಮತ್ತು ಮೊದಲು ನುಗ್ಗುತ್ತಿದ್ದುದು ನಮ್ಮ ಅಂಗಡಿಗೆ. ತಾಲ್ಲೂಕು ಕಚೇರಿಯ ಗುಮಾಸ್ತರು ಕಾಲರಿನ ಅಂಗಿ ಹೊಲಿಸಲು ಬಂದಾಗ ಅಪ್ಪ ಅವರ ಕೊರಳಿನ ಅಳತೆಯನ್ನಷ್ಟೇ ಅಲ್ಲ, ಅವರ ಮುಖವನ್ನೂ ಗಮನಿಸುತ್ತಿದ್ದರು. ಗುಮಾಸ್ತರಲ್ಲಿ ಆಗ ತುಂಡು ಮೀಸೆಯ ಹುಚ್ಚು: ಮೂಗಿನ ಕೆಳಗೆ ಬೆರಳಗಲ ಉಳಿಸಿ ಎರಡೂ ಬದಿ ಬೋಳಿಸುವುದು. ಅಪ್ಪನಿಗೂ ಆ ಮೀಸೆಯ ಮೇಲೆ ಆಸೆ ಹುಟ್ಟಿತ್ತೆಂದು ನಮಗೆ ಗೊತ್ತಾದದ್ದು ಬಹಳ ತಡವಾಗಿ.

ಇನ್ನು ತಾತನ ಮೀಸೆ. ಅದನ್ನು ವರ್ಣಿಸದೆ ಮುಂದಕ್ಕೆ ಹೋಗಲಾಗದು. ಕೆನ್ನೆಯ ಮೇಲೆ ಹತ್ತಿ ಕಿವಿಯ ಕಡೆಗೆ ತಿರುಗುತ್ತಿದ್ದ ಆ ಬಿಳಿಯ ಮೀಸೆಗೆ ಅವರು ದಿನವೂ ಹರಳೆಣ್ಣೆ ಸವರಿ, ಎರಡು ಬೆರಳಲ್ಲಿ ಹುರಿ ಮಾಡುತ್ತಿದ್ದರು. ಮಜ್ಜಿಗೆ ಕುಡಿಯುವಾಗ ಎಡಗೈಯಿಂದ ಅದನ್ನು ಎತ್ತಿ ಹಿಡಿಯುವುದನ್ನು ನೋಡಲೆಂದೇ ನಾನು ಅವರ ಎದುರು ಊಟಕ್ಕೆ ಕೂರುತ್ತಿದ್ದೆ.

ಮಕ್ಕಳೇ, ನಮ್ಮ ಜನರಲ್ಲಿದ್ದ ಒಂದು ಕಟ್ಟಳೆಯನ್ನು ನೀವು ಇಲ್ಲಿಯೇ ತಿಳಿದಿರಬೇಕು. ತಂದೆ ಬದುಕಿರುವಷ್ಟು ಕಾಲ ಮಗ ಮೀಸೆಯನ್ನು ಪೂರ್ತಿ ತೆಗೆಯುವಂತಿಲ್ಲ. ತಂದೆ ತೀರಿಕೊಂಡಾಗ ಮಾತ್ರ ತಲೆಯನ್ನೂ ಮೀಸೆಯನ್ನೂ ಬೋಳಿಸಬೇಕು. ಬೋಳು ಮೇಲ್ದುಟಿಯನ್ನು ಕಂಡವರು ಯಾರನ್ನೂ ಕೇಳದೆ ಸಾವಿನ ಸುದ್ದಿಯನ್ನು ಓದಿಕೊಳ್ಳುತ್ತಿದ್ದರು.

ನಾನು ಹೇಳಹೊರಟ ದಿನ ಅಕ್ಕನನ್ನು ನೋಡಲು ರಾಯದುರ್ಗದಿಂದ ಗಂಡಿನ ತಂದೆತಾಯಿ ಬರುವವರಿದ್ದರು. ಅವರದೂ ಹೊಲಿಗೆಯ ಮನೆತನವೇ. ಅಕ್ಕನಿಗೆ ಗಂಡಿಗಿಂತ ಹೆಚ್ಚಾಗಿ ಅವರು ಕಳುಹಿಸಿದ್ದ ಒಂದು ಮಾತು ಹಿಡಿಸಿತ್ತು: ಅವರ ಮನೆಯಲ್ಲಿ ಹೆಣ್ಣುಮಕ್ಕಳೂ ಮಿಷನ್ನು ತುಳಿಯುತ್ತಾರೆ. ನಮ್ಮ ಮನೆಯಲ್ಲಿ ಅಜ್ಜಿ ಅದಕ್ಕೆ ಒಪ್ಪಿರಲಿಲ್ಲ. ಅಕ್ಕ ಕಾಜಾ ಹಾಕಬಹುದು, ಗುಂಡಿ ಹಚ್ಚಬಹುದು. ಮಿಷನ್ನಿನ ಮುಂದೆ ಕೂರುವಂತಿಲ್ಲ. ಆದರೂ ಅಜ್ಜಿ ಮಲಗಿದ ಮಧ್ಯಾಹ್ನಗಳಲ್ಲಿ ಅಕ್ಕ ಬುಟ್ಟಿಯಂತೆ ಉಬ್ಬಿದ ತೋಳಿನ ನೀಲಿ ರವಿಕೆಯೊಂದನ್ನು ತನಗಾಗಿ ಹೊಲಿದುಕೊಂಡಿದ್ದಳು. ಆ ತೋಳನ್ನು ಕಂಡು ಅಜ್ಜಿ, "ಇದೇನೇ ಇದು, ತೋಳಿಗೆ ಬಾವು ಬಂದೈತಾ?" ಎಂದು ಗಾಬರಿಯಾದರು. ಅಕ್ಕನ ಲೆಕ್ಕವೇ ಬೇರೆ. ರಾಯದುರ್ಗದವರು ಒಪ್ಪಿದರೆ ತೋಳೂ ಉಳಿಯುತ್ತದೆ, ಮಿಷನ್ನೂ ಸಿಗುತ್ತದೆ. ಒಪ್ಪದಿದ್ದರೆ ಹಿಂದೂಪುರದ ಒಂದು ಸಂಬಂಧ ಕಾಯುತ್ತಿತ್ತು; ಆ ಮನೆಯವರು ಸೊಸೆಗೆ ಸೂಜಿಯನ್ನೂ ಮುಟ್ಟಗೊಡುವವರಲ್ಲ.

ತಾತ ಹಿಂದಿನ ದಿನವೇ ತುಪ್ಪ ತರಲೆಂದು ಅಗಳಿಯ ನಂಟರ ಮನೆಗೆ ಹೋಗಿದ್ದರು. ಮನೆಯಲ್ಲಿ ಹೂರಣ ಬೇಯುತ್ತಿತ್ತು. ಏಲಕ್ಕಿಯ ವಾಸನೆ ನಡುಮನೆಯವರೆಗೂ ಬಂದಿತ್ತು. ಅಪ್ಪ ಹಿತ್ತಲಿನ ಬಚ್ಚಲಿಗೆ ಕನ್ನಡಿಯನ್ನೂ ಆ ಡಬ್ಬಿಯನ್ನೂ ತೆಗೆದುಕೊಂಡು ಹೋದುದನ್ನು ನಾನು ಕಂಡೆ. ಬಾಗಿಲಿಗೆ ಕಣ್ಣಿಟ್ಟು ನಿಂತೆ.

ಅಪ್ಪ ಸೋಪಿನ ನೊರೆಯಲ್ಲಿ ಮುಖ ಮುಚ್ಚಿಕೊಂಡರು. ಮೊದಲು ಬಲಗಡೆ ತುಸು ತೆಗೆದರು, ಬಳಿಕ ಎಡಗಡೆ. ಎಡಗಡೆಯದು ಹೆಚ್ಚು ಹೋಯಿತು. ಅಂಗಿಯ ಅಂಚು ಒಂದು ಕಡೆ ಗಿಡ್ಡವಾದರೆ ಟೈಲರು ಏನು ಮಾಡುತ್ತಾನೆ? ಇನ್ನೊಂದು ಕಡೆಯನ್ನೂ ಗಿಡ್ಡ ಮಾಡಿ ಸರಿಗಟ್ಟುತ್ತಾನೆ. ಅಪ್ಪನ ಕೈಗೆ ಗೊತ್ತಿದ್ದುದು ಅದೊಂದೇ ವಿದ್ಯೆ. ಬಲ ತೆಗೆದರು, ಎಡ ಸರಿಗಟ್ಟಿದರು. ಎಡ ತೆಗೆದರು, ಬಲ ಸರಿಗಟ್ಟಿದರು. ಕೊನೆಗೆ ಮುಖ ತೊಳೆದು ಕನ್ನಡಿ ನೋಡಿದಾಗ ಸರಿಗಟ್ಟಲು ಏನೂ ಉಳಿದಿರಲಿಲ್ಲ. ಅಪ್ಪ ಕನ್ನಡಿಯನ್ನು ತಿರುಗಿಸಿ ಅದರ ಬೆನ್ನನ್ನೂ ನೋಡಿದರು.

ಆ ಹೊಸ ವಸ್ತುವಿನ ಬಗ್ಗೆ ನನ್ನ ಅಭಿಪ್ರಾಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ರೇಜರು ಕೆಟ್ಟದ್ದಲ್ಲ. ಆದರೆ ಅಪ್ಪ ನಮ್ಮ ಊರಿನ ಕ್ಷೌರಿಕನ ಮುಂದೆ ಕುಳಿತಿದ್ದರೆ, ಆತ ಕತ್ತಿಯನ್ನು ಮೇಲ್ದುಟಿಯ ಹತ್ತಿರ ತರುವ ಮೊದಲೇ, "ಹಿರಿಯರು ಚೆನ್ನಾಗವ್ರಲ್ಲ?" ಎಂದು ಕೇಳಿ ಕೈ ಹಿಂದೆ ತೆಗೆಯುತ್ತಿದ್ದ. ಡಬ್ಬಿಯ ರೇಜರು ಏನನ್ನೂ ಕೇಳುವುದಿಲ್ಲ.

ಅಪ್ಪ ರುಮಾಲನ್ನು ತಲೆಗೆ ಬಿಗಿದು, ಹೆಗಲ ವಲ್ಲಿಯನ್ನು ಬಾಯಿಗೆ ಅಡ್ಡ ಹಿಡಿದು ನಡುಮನೆಗೆ ಬಂದರು. ಅಜ್ಜಿ ಒಬ್ಬಟ್ಟಿನ ಹಿಟ್ಟು ನಾದುತ್ತಿದ್ದರು. "ಏನೋ, ಹಲ್ಲುನೋವಾ?" ಎಂದು ವಲ್ಲಿಯನ್ನು ಸರಿಸಿದರು. ಸರಿಸಿದ ಕೈ ಹಾಗೆಯೇ ನಿಂತಿತು.

"ಅಗಳಿಯಿಂದ ಆಳು ಬಂದಿದ್ನಾ?" ಎಂದರು ಅಜ್ಜಿ, ನನಗೆ ಗುರುತು ಸಿಗದ ಧ್ವನಿಯಲ್ಲಿ. "ನಂಗೊಂದು ಮಾತು ಹೇಳ್ದಂಗೆ ಮೀಸೆ ತೆಗಿಸ್ಕಂಡು ಬಂದ್ಯಾ? ಯಾವಾಗ ಹೋದ್ರೋ? ಅಯ್ಯೋ, ಯಾವಾಗ ಹೋದ್ರೋ!"

"ಇಲ್ಲ ಕಣವ್ವ, ಯಾರೂ ಹೋಗಿಲ್ಲ, ಇದು ಫ್ಯಾಷನ್ನು..." ಎಂದು ಅಪ್ಪ ತೊದಲಿದರು. ಅಜ್ಜಿಯ ಗೋಳಿನಲ್ಲಿ ಆ ಮಾತು ಮುಳುಗಿಹೋಯಿತು. ಎದುರುಮನೆಯವರು ಬಂದರು, ಪಕ್ಕದವರು ಬಂದರು. ಬಂದವರೆಲ್ಲ ಅಪ್ಪನ ಮುಖವನ್ನು ಒಮ್ಮೆ ನೋಡಿ ಅಜ್ಜಿಯ ಸುತ್ತ ಕುಳಿತು ಅಳತೊಡಗಿದರು. ರುಮಾಲಿನ ಕೆಳಗೆ ಕೂದಲು ಇದೆಯೋ ಇಲ್ಲವೋ ಎಂದು ನೋಡುವ ವ್ಯವಧಾನ ಯಾರಿಗೂ ಇರಲಿಲ್ಲ.

ಸರಿಯಾಗಿ ಅದೇ ಹೊತ್ತಿಗೆ ರಾಯದುರ್ಗದವರು ಹೊಸ್ತಿಲಿಗೆ ಬಂದರು.

ಗಂಡಿನ ತಂದೆ ಮೆಟ್ಟನ್ನು ಬಿಡಲಿಲ್ಲ. ಎತ್ತಿದ ಕಾಲನ್ನು ಹಿಂದೆ ತೆಗೆದುಕೊಂಡು ಕೈಮುಗಿದರು. "ಇಂಥ ಹೊತ್ತಿನ್ಯಾಗ ಬಂದ್ವಿ, ತಪ್ಪು ತಿಳ್ಕೋಬ್ಯಾಡ್ರಿ. ದೊಡ್ಡವರು ಹೋದ ಮನ್ಯಾಗ ಶುಭದ ಮಾತು ಆಡಬಾರದ್ರಿ."

"ಯಾರೂ ಹೋಗಿಲ್ಲ ಸ್ವಾಮಿ, ಒಳಗೆ ಬನ್ನಿ," ಎಂದು ಅಪ್ಪ ಅಂಗಲಾಚಿದರು. ನಾಚಿಕೆಯಿಂದ ವಲ್ಲಿಯನ್ನು ಮತ್ತೆ ಬಾಯಿಗೆ ಒತ್ತಿಕೊಂಡರು. ಅದು ಅಳುವನ್ನು ತಡೆಯುವವರ ರೀತಿಯಲ್ಲೇ ಇತ್ತು. "ದುಃಖದಾಗ ಹಿಂಗ ಆಗತೈತ್ರಿ. ಸಮಾಧಾನ ಮಾಡ್ಕೋರಿ," ಎಂದು ಗಂಡಿನ ತಾಯಿ ಹೇಳಿ, ಗಂಡನ ಹಿಂದೆ ಬೀದಿಗಿಳಿದರು.

ಅಕ್ಕ ಅಳಲಿಲ್ಲ. ಮಿಷನ್ನಿನ ಮೇಲೆ ಹೊದಿಸಿದ್ದ ಬಟ್ಟೆ ಒಂದು ಕಡೆ ಜಾರಿತ್ತು. ಅದನ್ನು ನಿಧಾನವಾಗಿ ಎಳೆದು ಪೂರ್ತಿ ಮುಚ್ಚಿದಳು. ಅದನ್ನು ಕಂಡ ಅಮ್ಮ ಹೂರಣದ ಕೈಯಲ್ಲೇ ನನ್ನ ಭುಜ ಹಿಡಿದರು. "ಓಡವ್ವ, ಬಸ್ಸು ಹೊರಡೋದ್ರೊಳಗೆ ಹೋಗು. ತಾತ ಗಟ್ಟಿಯಾಗೈತೆ ಅಂತ ಹೇಳು. ಎಳೆ ಮಗೀನ ಮಾತಾದ್ರೂ ನಂಬ್ತಾರೇನೋ."

ಯುದ್ಧದ ಕಾಲವಾದ್ದರಿಂದ ಬಸ್ಸುಗಳು ಪೆಟ್ರೋಲಿಲ್ಲದೆ ಇದ್ದಿಲಿನಲ್ಲಿ ಓಡುತ್ತಿದ್ದವು. ರಾಯದುರ್ಗದವರು ಹತ್ತಬೇಕಿದ್ದ ಹಿಂದೂಪುರದ ಬಸ್ಸಿನ ಬೆನ್ನಿಗಿದ್ದ ಒಲೆಗೆ ಆಳೊಬ್ಬ ಹಿಡಿ ತಿರುವಿ ಗಾಳಿ ಊದುತ್ತಿದ್ದ. ಹೊಗೆ ಎದ್ದಿತ್ತು, ಬೆಂಕಿ ಹತ್ತಿರಲಿಲ್ಲ. "ಎಕ್ಕಂಡಿ, ಎಕ್ಕಂಡಿ!" ಎಂದು ಕಂಡಕ್ಟರು ತೆಲುಗಿನಲ್ಲಿ ಕೂಗುತ್ತ ಜನರನ್ನು ಹತ್ತಿಸುತ್ತಿದ್ದ. ಹುಣಿಸೆಮರದ ಕೆಳಗೆ ಕುಳಿತಿದ್ದ ರಾಯದುರ್ಗದಮ್ಮನ ಮುಂದೆ ಏದುಸಿರು ಬಿಡುತ್ತ ನಿಂತು, "ನಮ್ ತಾತ ಸತ್ತಿಲ್ಲ. ಅಗಳಿಗೆ ಹೋಗೈತೆ, ತುಪ್ಪ ತರಾಕೆ," ಎಂದೆ.

ಆಕೆಯ ಕಣ್ಣು ತುಂಬಿತು. ನನ್ನನ್ನು ಮಡಿಲಿಗೆ ಎಳೆದುಕೊಂಡು ಗಂಡನಿಗೆ ಹೇಳಿದರು: "ನೋಡ್ರಿ, ಕೂಸಿಗೆ ಇನ್ನ ಹೇಳೇ ಇಲ್ಲ. ತುಪ್ಪ ತರಾಕ ಹೋಗ್ಯಾನ ಅಂತ ನಂಬಿಸ್ಯಾರ."

ಮಕ್ಕಳೇ, ಆ ಮಾತು ನನ್ನೊಳಗೂ ಇಳಿಯಿತು. ಅಲ್ಲಿಯವರೆಗೆ ಎಲ್ಲವನ್ನೂ ಕಣ್ಣಾರೆ ಕಂಡಿದ್ದ ನಾನೇ ಆಗ ಸಂಶಯಪಟ್ಟೆ. ಬಚ್ಚಲಿನಲ್ಲಿ ಅಪ್ಪ ಮಾಡಿದ್ದು ಫ್ಯಾಷನ್ನೇ ಹೌದೆ? ಅಥವಾ ಎಲ್ಲರಿಗೂ ಗೊತ್ತಿದ್ದು ನನಗೊಬ್ಬಳಿಗೆ ಮುಚ್ಚಿಟ್ಟಿದ್ದಾರೆಯೆ? ನಾನು ಪರಿಚಯವಿಲ್ಲದ ಆ ಹೆಂಗಸಿನ ಸೆರಗಿನಲ್ಲಿ ಮುಖವಿಟ್ಟು ತಾತನಿಗಾಗಿ ಅತ್ತೆ.

"ಯಾಕ್ ತಾಯಿ, ಮಗು ಅಳ್ತೈತೆ? ಯಾರು ಹೋದೋರು?" ಎಂದು ಯಾರೋ ಕೇಳಿದರು.

"ಇದೇ ಊರಿನ ಟೈಲರ್ ಮನಿ ಹಿರಿಯರ್ರಿ. ನಾವು ಹೆಣ್ಣು ಕೇಳಾಕ ಬಂದಿದ್ವಿ, ಹೆಣ ಎದುರಾತು ನೋಡ್ರಿ."

"ಅಯ್ಯೋ ಪಾಪ. ಯಾವ ಟೈಲರು?"

"ಕೋಟಿ ಬೀದಿಯವರ್ರಿ."

ಕೇಳಿದವರು ತಟ್ಟನೆ ದನಿ ಏರಿಸಿದರು: "ಕೋಟೆ ಬೀದಿ ಟೈಲರ್ ಮನೇಗೆ ಹಿರಿಯ ನಾನೇ ಅಲ್ವೇನವ್ವ!"

ತಲೆಯೆತ್ತಿದೆ. ಎದುರಿಗೆ ಹುರಿ ಮಾಡಿದ ಬಿಳಿಯ ಮೀಸೆ, ಅದರ ಕೆಳಗೆ ತೆರೆದ ಬಾಯಿ, ಕಂಕುಳಲ್ಲಿ ತುಪ್ಪದ ತಂಬಿಗೆ. ನಾನು ಹಾರಿ ಅಪ್ಪಿಕೊಂಡ ರಭಸಕ್ಕೆ ತುಪ್ಪ ತುಳುಕಿ ಅವರ ಅಂಗಿಯ ಮೇಲೆ ಬಿತ್ತು. ಆ ಸುವಾಸನೆಗೆ ಸಮನಾದ ಯಾವ ಅತ್ತರನ್ನೂ ನಾನು ಈವರೆಗೆ ಕಂಡಿಲ್ಲ.

"ನಿಮ್ಮಪ್ಪ ಏನ್ ಮಾಡ್ದ?" ಎಂದು ತಾತ ಮೆಲ್ಲಗೆ ಕೇಳಿದರು.

"ಮೀಸೆ ತೆಗ್ದಾಕೈತೆ. ತುಂಡು ಮಾಡಾಕೆ ಹೋಗಿ ಎಲ್ಲಾನೂ ಹೋತು."

ತಾತನ ಮುಖ ಕಪ್ಪಿಟ್ಟಿತು. ಗಂಡಿನ ತಂದೆ ಎದ್ದು ನಿಂತರು. "ನೀವು ಇರೋದು ಸಂತೋಷರಿ. ಆದ್ರ ನನ್ನ ಮಾತು ನೇರ. ಸತ್ತಿದ್ರ ಸೂತಕ ಕಳದ ಮ್ಯಾಲ ಬರ್ತಿದ್ವಿ. ಅಪ್ಪ ಕಣ್ಣ ಮುಂದ ಇರಾಗನ ಮೀಸಿ ತೆಗಿಯೋರ ಮನಿ ಹೆಣ್ಣು ಹ್ಯಾಂಗ್ರಿ ತರೋದು? ನಮ್ಮ ಮಂದಿ ಉಗೀತಾರ್ರಿ."

ಬಸ್ಸಿನ ಒಲೆಗೆ ಬೆಂಕಿ ಹತ್ತಿತು. ಎಂಜಿನ್ನು ಕೆಮ್ಮತೊಡಗಿತು.

ತಾತ ತಂಬಿಗೆಯನ್ನು ನನ್ನ ಕೈಗೆ ಕೊಟ್ಟರು. ಹುಣಿಸೆಮರದ ಆ ಬದಿಯಲ್ಲಿ ನಮ್ಮ ಊರಿನ ಕ್ಷೌರಿಕ ಪೆಟ್ಟಿಗೆ ಬಿಚ್ಚಿಕೊಂಡು ಕುಳಿತಿದ್ದ. ಅವನ ಮುಂದಿನ ಕಲ್ಲಿನ ಮೇಲೆ ಹೋಗಿ ಕುಳಿತು, "ಮೀಸೆ ತೆಗಿ," ಎಂದರು.

"ಗಡ್ಡಾನಾ ಯಜಮಾನ್ರೇ?"

"ಮೀಸೆ ಅಂದೆ."

"ಬ್ಯಾಡಿ ಯಜಮಾನ್ರೇ, ಇದಕ್ಕೆ ನಮ್ಮಪ್ಪ ಎಣ್ಣೆ ಸವರಿದ್ದ, ನಾನು ಸವರಿದ್ದೀನಿ. ನನ್ ಕೈಯಾಗೆ ಆಗಲ್ಲ."

"ಎಣ್ಣೆ ಸವರಿದ ಕೈಯೇ ತೆಗೀಲಿ ಬಿಡು. ಬೇಗ, ಬಸ್ಸು ಹೊರಡ್ತೈತೆ." ಬಳಿಕ ಗಂಡಿನ ತಂದೆಯ ಕಡೆಗೆ ತಿರುಗಿ, ಕೆನ್ನೆಯನ್ನು ಕ್ಷೌರಿಕನಿಗೆ ಒಪ್ಪಿಸಿಕೊಂಡೇ ಮಾತಾಡಿದರು: "ನನ್ನಪ್ಪ ಹೋಗಿ ಬಾಳ ಕಾಲ ಆತು ಸ್ವಾಮಿ, ನಂಗೆ ಯಾರ ಅಡ್ಡೀನೂ ಇಲ್ಲ. ನನ್ ಮಗ ಮಾಡಿದ್ದು ದಡ್ಡತನ. ಅವನೊಬ್ಬನದೇ ಹೋದ್ರೆ ಜನ ನನ್ನ ಹೆಣ ಹುಡುಕ್ತಾರೆ. ಅಪ್ಪಂದೂ ಹೋದ್ರೆ ಏನಂತಾರೆ? ಆ ಮನೇವ್ರು ಹಂಗೇ, ಮೀಸೆ ಇಡಲ್ಲ ಅಂತಾರೆ. ಉಗಿಯೋದಿದ್ರೆ ನಂಗೆ ಉಗೀಲಿ. ಹುಡುಗಿ ಏನ್ ಮಾಡೈತೆ?"

ಬಿಳಿಯ ಕೂದಲು ಕೆಂಪು ಮಣ್ಣಿನ ಮೇಲೆ ಬಿತ್ತು. ಗಂಡಿನ ತಂದೆ ಬಾಯಿ ಬಿಟ್ಟು ನೋಡುತ್ತಿದ್ದರು. ಮೊದಲು ನಕ್ಕವರು ಅವರ ಹೆಂಡತಿ. "ಸತ್ತ ಅಜ್ಜಾರು ಎದ್ದು ಬಂದು ಮೀಸಿ ತೆಗಿಸ್ಕೊಂಡ್ರು ಅಂದ್ರ ರಾಯದುರ್ಗದಾಗ ಯಾರ್ ನಂಬ್ತಾರ್ರಿ? ಏನ್ ನೋಡ್ತೀರಿ, ಚೀಲ ಇಳಸ್ರಿ. ಇಂಥ ಅಜ್ಜನ ಮೊಮ್ಮಗಳನ್ನ ಬಿಟ್ಟು ಹೋಗಾಕ ನನಗ ಆಗಂಗಿಲ್ಲ."

ಮನೆಗೆ ಬಂದಾಗ ಅಜ್ಜಿ, ಹೊರಗಿನ ಗಂಡಸರು ಯಾರೋ ಬಂದರೆಂದು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಗೋಡೆಗೆ ಸರಿದರು. ತಾತ ಕೆಮ್ಮಿದರು. ಕೆಮ್ಮಿನಿಂದ ಗುರುತು ಹಿಡಿದ ಅಜ್ಜಿ ಸೆರಗಿನ ಸಂದಿಯಿಂದ ನೋಡಿ ಅಲ್ಲಿಯೇ ಕುಸಿದು ಕುಳಿತರು. "ಬದುಕಿ ಬಂದ್ರಿ ಅಂತ ಅಳ್ಲಾ, ಹಿಂಗ್ ಬಂದ್ರಿ ಅಂತ ಅಳ್ಲಾ!"

ಅಪ್ಪ ಕಾಲಿಗೆ ಬಿದ್ದರು. "ಏಳು, ಬೀಗರಿಗೆ ನೀರು ಕೊಡು," ಎಂದಷ್ಟೇ ಹೇಳಿದ ತಾತ, ಅಭ್ಯಾಸದಿಂದ ಬೆರಳುಗಳನ್ನು ಕೆನ್ನೆಗೆ ಒಯ್ದರು. ಅಲ್ಲಿ ಏನೂ ಇರಲಿಲ್ಲ. ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಗಾಳಿಯಲ್ಲೇ ಹಿಡಿದಿದ್ದರು. ಅದನ್ನು ಕಂಡ ಅಕ್ಕ ಅಷ್ಟು ಹೊತ್ತಿನಿಂದ ತಡೆದಿದ್ದ ಅಳುವನ್ನು ಆಗ ಅತ್ತಳು.

ರಾಯದುರ್ಗದಮ್ಮ ಅಕ್ಕನ ಉಬ್ಬುತೋಳನ್ನು ತಿರುವಿ ಒಳಹೊಲಿಗೆ ನೋಡಿದರು. "ಯಾರ್ ಹೊಲದಿದ್ದವ್ವ?" ಎಂದು ಕೇಳಿದರು. ಅಕ್ಕ ಅಜ್ಜಿಯ ಕಡೆ ನೋಡಿದಳು. ಅಜ್ಜಿ ಮೂಗೊರೆಸಿಕೊಂಡು, "ಇವಳೇ ಹೊಲ್ದಿದ್ದು. ನಾನು ಮಲಗಿದಾಗ," ಎಂದರು. ಅಜ್ಜಿಗೆ ಎಲ್ಲವೂ ಗೊತ್ತಿತ್ತೆಂದಾಯಿತು! ಸಂಜೆಯೊಳಗೆ ತಾಂಬೂಲ ಬದಲಾಯಿತು.

ಅಪ್ಪನ ಮೀಸೆ ಬೇಗನೆ ಬೆಳೆಯಿತು. ತಾತನದು ಬೆಳೆಯಿತಾದರೂ ಕಿವಿಯ ಕಡೆಗೆ ಮತ್ತೆ ತಿರುಗಲಿಲ್ಲ. ರೇಜರಿನ ಬ್ಲೇಡುಗಳನ್ನು ಅಕ್ಕ ಹೊಲಿಗೆ ಬಿಚ್ಚಲು ಬೇಕೆಂದು ರಾಯದುರ್ಗಕ್ಕೆ ಒಯ್ದಳು. ಆ ವಸ್ತುವಿಗೆ ಅದಕ್ಕಿಂತ ಒಳ್ಳೆಯ ಉಪಯೋಗವನ್ನು ನಾನು ಅರಿಯೆ.

ಈಗ ನಿಮ್ಮ ಬಚ್ಚಲಿನ ಕಪಾಟನ್ನು ತೆರೆದರೆ ನನಗೆ ತಲೆ ತಿರುಗುತ್ತದೆ. ತಲೆಗೊಂದು, ತಲೆ ತೊಳೆದ ಮೇಲೆ ಮತ್ತೊಂದು, ಹಿಮ್ಮಡಿಗೂ ಪ್ರತ್ಯೇಕವಾಗಿ ಒಂದು! ಮೊಮ್ಮಗಳು ಉಗುರಿಗೆ ಬಳಿಯುವ ನೇರಳೆ ಬಣ್ಣವನ್ನು ಕಂಡಾಗಲೆಲ್ಲ ಬೆರಳು ಬಾಗಿಲಿಗೆ ಸಿಕ್ಕಿತೇನೋ ಎಂದು ಹೌಹಾರುತ್ತೇನೆ. ಮುಖ ಬೆಳ್ಳಗಾಗಿಸುವೆನೆಂಬ ಕ್ರೀಮಿಗಂತೂ ನನ್ನ ಸಂಪೂರ್ಣ ವಿರೋಧವಿದೆ. ಇರುವ ಬಣ್ಣದಲ್ಲಿ ಏನು ತಪ್ಪಿದೆಯೆಂದು ಅದು ಹೇಳುವುದೇ ಇಲ್ಲ. ಆದರೆ ನಿಮ್ಮ ಉಡುಪನ್ನಾಗಲಿ ಕೂದಲನ್ನಾಗಲಿ ಕಂಡು ಯಾರೂ ಮನೆಯ ಹೊಸ್ತಿಲಿನಿಂದ ಹಿಂದಿರುಗುವುದಿಲ್ಲವಲ್ಲ, ಅದು ಮಾತ್ರ ನನಗೆ ನಿಜವಾಗಿ ಇಷ್ಟ.

ಕಾಲೇಜಿಗೆ ಹೋಗುವ ನನ್ನ ಹಿರಿಯ ಮೊಮ್ಮಗ ಒಂದು ತಿಂಗಳು ಮೀಸೆ ಬಿಡುತ್ತಾನೆ, ಮತ್ತೊಂದು ತಿಂಗಳು ಬೋಳಿಸುತ್ತಾನೆ. ಮೊನ್ನೆ ಬಚ್ಚಲಿನಿಂದ ನುಣ್ಣಗೆ ಬಂದು ಎದುರು ನಿಂತು, "ಅಜ್ಜಿ, ಹೇಗಿದೆ?" ಎಂದ. ಅವನ ಮುಖವನ್ನು ನೋಡುವ ಮೊದಲು ಹಜಾರದ ಕುರ್ಚಿಯ ಕಡೆಗೆ ತಿರುಗಿದೆ. ನನ್ನ ಮಗ, ಅವನ ಅಪ್ಪ, ಅಲ್ಲಿ ಕುಳಿತು ಪತ್ರಿಕೆ ಓದುತ್ತಿದ್ದ. ಅವನು ಪುಟ ತಿರುಗಿಸುವುದನ್ನು ಕಂಡ ಮೇಲೆಯೇ ನಾನು ಹೇಳಿದ್ದು:

"ಚೆನ್ನಾಗಿದೆ ಕಣೋ. ಬಹಳ ಚೆನ್ನಾಗಿದೆ."