ಆಯಿಲ್ ಕುಡಿಯುವ ಕಾರು

ಅವಳನ್ನು ಆ ಬೀದಿಯವರೆಲ್ಲ ಬ್ರೇಕ್ ಮೇಡಂ ಎನ್ನುತ್ತಿದ್ದರು. ಬೆನ್ನ ಹಿಂದೆ ಮಾತ್ರ; ಎದುರಿಗೆ ಅನ್ನುವ ಗುಂಡಿಗೆ ಯಾರಿಗೂ ಇರಲಿಲ್ಲ. ಕಾರು ಓಡಿಸುವುದನ್ನು ಕಲಿಸುವುದು ಅವಳ ಕಸುಬು. ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲ ಬಳಿಯೂ ಒಂದು ಬ್ರೇಕ್ ಇಟ್ಟುಕೊಂಡು, ಕಲಿಯುವವರ ತಪ್ಪಿಗೆಲ್ಲ ತಾನು ತುಳಿದು ತುಳಿದು ಬಲಗಾಲಿಗೆ ಅದೇ ಚಟವಾಗಿಬಿಟ್ಟಿತ್ತು. ಮನೆಯಲ್ಲಿ ಊಟಕ್ಕೆ ಕೂತಾಗ ನೀರಿನ ಲೋಟ ಮೇಜಿನ ಅಂಚಿಗೆ ಜಾರಿದರೂ ಅವಳ ಕಾಲು ನೆಲವನ್ನು ಜೋರಾಗಿ ಒತ್ತುತ್ತಿತ್ತು. ಎದುರಿಗೆ ಕೂತ ತಮ್ಮ, "ಅಕ್ಕಾ, ಮೇಜು ನಿಂತೇ ಇದೆ" ಎಂದು ನಗುತ್ತಿದ್ದ.

ಅವಳ ಹತ್ತಿರ ಮೊದಲ ಪಾಠದ ದಿನ ಕಾರು ಒಂದಡಿಯೂ ಮುಂದೆ ಹೋಗುತ್ತಿರಲಿಲ್ಲ. ಗೋದಾಮಿನ ಹಿಂದಿನ ಸಿಮೆಂಟ್ ಅಂಗಳಕ್ಕೆ ಕರೆದೊಯ್ದು, ನೆಲದ ಮೇಲೆ ತಾನೇ ಎಳೆದಿದ್ದ ಬಿಳಿ ಗೆರೆಯ ಮೇಲೆ ನಿಲ್ಲಿಸಿ, ಆ ಕಡೆಯ ಗೋಡೆಗೆ ಒರಗಿದಂತೆ ನಿಂತಿರುತ್ತಿದ್ದ ಕೆಟ್ಟ ವ್ಯಾನಿನ ನಂಬರ್ ಓದಿಸುತ್ತಿದ್ದಳು. ತಡವರಿಸಿದವರಿಗೆ ಅಲ್ಲಿಂದಲೇ ಬಾಗಿಲು. "ಫೇಲ್. ಮೊದ್ಲು ಕಣ್ಣು ತೋರಿಸ್ಕೊಂಡು ಬನ್ನಿ. ನಿಮ್ಮ ಕಣ್ಣು ನಂಬ್ಕೊಂಡು ರೋಡಲ್ಲಿ ಯಾರೂ ಪ್ರಾಣ ಬಿಡಬೇಕಾಗಿಲ್ಲ" ಎನ್ನುತ್ತಿದ್ದಳು. ಹಲ್ಲಿನ ಡಾಕ್ಟರೊಬ್ಬರನ್ನೂ ಹೀಗೆ ವಾಪಸ್ ಕಳಿಸಿದ್ದಳು. ಕೆಲವು ದಿನಗಳ ಮೇಲೆ ಅವರು ದಪ್ಪ ಕನ್ನಡಕ ಹಾಕಿಕೊಂಡು ಬಂದು ಗೆರೆಯ ಮೇಲೆ ನಿಂತರು.

ಕಣ್ಣಿನ ಪರೀಕ್ಷೆ ಆದ ಮೇಲೆ ಬಾನೆಟ್. ಎಂಜಿನ್ನಿನೊಳಗೆ ಆಯಿಲ್ ಎಷ್ಟಿದೆ ಎಂದು ತೋರಿಸುವ ಡಿಪ್‌ಸ್ಟಿಕ್ಕನ್ನು ಅವಳು ಕಡ್ಡಿ ಎಂದೇ ಕರೆಯುತ್ತಿದ್ದಳು. "ಕಾರು ಸಮತಟ್ಟಾದ ಜಾಗದಲ್ಲಿ ನಿಂತಿರಬೇಕು. ಎಂಜಿನ್ ಆರಿಸಿ ಸ್ವಲ್ಪ ಹೊತ್ತು ಬಿಡಿ, ಮೇಲಿರೋ ಆಯಿಲ್ ಕೆಳಗಿಳೀಲಿ. ಕಡ್ಡಿ ಎಳೀರಿ, ಒರೆಸಿ, ಪೂರ್ತಿ ತೂರಿಸಿ, ಮತ್ತೆ ಎಳೀರಿ. ಮೊದಲನೇ ಸಲ ಕಂಡದ್ದನ್ನ ನಂಬಬೇಡಿ, ಎರಡನೇ ಸಲದ್ದೇ ನಿಜ. ಕೆಳಗಿನ ಗುರುತಿಗೂ ಮೇಲಿನ ಗುರುತಿಗೂ ಮಧ್ಯೆ ಇದ್ರೆ ಕ್ಷೇಮ." ಇಷ್ಟನ್ನು ಒಂದೇ ಉಸಿರಿಗೆ ಹೇಳಿ, ಕಡ್ಡಿಯನ್ನು ಎಳೆದು ತಾನೇ ಓದಿ ಹೇಳುತ್ತಿದ್ದಳು. ಕಲಿಯುವವರು ತಲೆಯಾಡಿಸುತ್ತಿದ್ದರು. ಅವಳ ಮುಂದೆ ತಲೆಯಾಡಿಸುವುದು ಬಿಟ್ಟು ಬೇರೇನಾದರೂ ಮಾಡಿದವರನ್ನು ಆ ಅಂಗಳ ಕಂಡಿರಲಿಲ್ಲ.

ತಮ್ಮನೆಂದರೆ ಅವಳೇ ಸಾಕಿ ಬೆಳೆಸಿದವನು. ತಾಯಿ ತೀರಿಕೊಂಡಾಗ ಅವನಿಗೆ ಶೂ ಲೇಸ್ ಕಟ್ಟಿಕೊಳ್ಳಲೂ ಬರುತ್ತಿರಲಿಲ್ಲ. ಈಗ ಎರಡು ಬೀದಿ ಆಚೆ ಅವನದೇ ಗ್ಯಾರೇಜು. ವಾಸ ಅಕ್ಕನ ಮನೆಯ ಮಹಡಿಯ ಮೇಲಿನ ಕೋಣೆಯಲ್ಲಿ, ಊಟ ಕೆಳಗೆ ಅಕ್ಕನ ಜೊತೆ. ಅವಳ ಹಳೆಯ ಬಿಳಿ ಕಾರಿಗೆ ಎರಡನೆಯ ಬ್ರೇಕ್ ಕೂರಿಸಿದವನೂ ಅವನೇ. ಅವಳ ಶಾಲೆ ಅಂದರೆ ಆ ಒಂದೇ ಕಾರು. ಅದು ನಿಂತರೆ ಅವಳೂ ನಿಂತಂತೆ.

ಎಂದಿನಂತೆ ಆ ಸಲವೂ ಕಾರಿನ ಆಯಿಲ್ ಬದಲಾಯಿಸಿದ್ದು ತಮ್ಮನೇ. ಮಸಿಯಂತೆ ಕಪ್ಪಾಗಿದ್ದ ಹಳೆಯದನ್ನು ಬಸಿದು, ಜೇನಿನ ಬಣ್ಣದ ಹೊಸದನ್ನು ತುಂಬಿ, "ಇನ್ನು ನಿಶ್ಚಿಂತೆ ಅಕ್ಕ" ಎಂದು ಕೈ ಒರೆಸಿಕೊಂಡ. ಮರುದಿನ ಬೆಳಿಗ್ಗೆ ಅವಳು ಮನೆಯ ಶೆಡ್ಡಿನಲ್ಲಿ ಕಡ್ಡಿ ಎಳೆದು ನೋಡಿದರೆ ಖಾಲಿ! ಒರೆಸಿ, ತೂರಿಸಿ, ಮತ್ತೆ ಎಳೆದಳು. ಆಯಿಲ್‌ನ ಗೆರೆಯೇ ಇಲ್ಲ. ಶೆಡ್ಡಿನ ಬಲ್ಬಿಗೆ ಶಾಪ ಹಾಕಿದಳು. ಆ ಬಲ್ಬು ಮಂಕಾಗಿದೆಯೆಂಬ ಅವಳ ಕಾಟಕ್ಕೆ ತಮ್ಮ ಅದನ್ನು ಎರಡು ಸಲ ಬದಲಾಯಿಸಿಯಾಗಿತ್ತು. ಈಗಿನ ಕಾಲದ ಬಲ್ಬುಗಳೇ ಸರಿಯಿಲ್ಲ ಎಂಬ ತೀರ್ಮಾನಕ್ಕೆ ಅವಳು ಬಂದಿದ್ದಳು. ಪೇಪರಿನವರು ಮಸಿಯಲ್ಲಿ ಜಿಪುಣತನ ಮಾಡುತ್ತಾರೆ, ರಸ್ತೆಯ ಬೋರ್ಡುಗಳಿಗೆ ಬಣ್ಣ ಹೊಡೆಯುವವರು ಕಳ್ಳರು ಎಂಬ ಎರಡು ತೀರ್ಮಾನಗಳೂ ಅದಕ್ಕೆ ಮೊದಲೇ ಆಗಿದ್ದವು.

ಸ್ವಲ್ಪ ಆಯಿಲ್ ಹಾಕಿದಳು. ಮರುದಿನವೂ ಖಾಲಿ ಕಂಡಿತು, ಮತ್ತೆ ಹಾಕಿದಳು. ದಿನಾ ಬೆಳಿಗ್ಗೆ ಇದೇ ಕೆಲಸವಾಯಿತು. ಕ್ಯಾನು ಹಗುರಾಗುತ್ತ ಬಂದಂತೆ ಅವಳ ಮುಖ ಗಂಟಾಗುತ್ತ ಹೋಯಿತು. ಅಷ್ಟರಲ್ಲಿ ಕಾರಿನ ಹಿಂದೆ ನೀಲಿ ಹೊಗೆ ಬೇರೆ ಬರತೊಡಗಿತು.

ಒಂದು ದಿನ ಗ್ಯಾರೇಜಿನ ಮುಂದೆ ಹಾದು ಹೋಗುವಾಗ ತಮ್ಮ ಕೈ ಅಡ್ಡ ಹಿಡಿದು ನಿಲ್ಲಿಸಿದ. "ಅಕ್ಕಾ, ಹೊಗೆ ನೋಡಿದ್ಯಾ? ಎಂಜಿನ್ ಆಯಿಲ್ ಕುಡೀತಿದೆ. ಬಿಟ್ಟು ಹೋಗು, ಬಿಚ್ಚಿ ನೋಡ್ತೀನಿ."

ಅವಳ ಸಿಟ್ಟು ಮೂಗಿನ ತುದಿಯಲ್ಲೇ ಕಾಯುತ್ತಿತ್ತು. "ನೋಡೋದಕ್ಕೆ ಏನು ಉಳಿದಿದ್ಯೋ? ನೀನು ಮುಟ್ಟಿದ ಮೇಲೆ ತಾನೆ ಅದು ಕುಡಿಯೋಕೆ ಶುರು ಮಾಡಿದ್ದು! ಅಲ್ಲೀವರೆಗೂ ಕಲ್ಲಿನ ಹಾಗಿತ್ತು. ಆಯಿಲ್ ಬಸಿಯೋ ಬೋಲ್ಟ್ ಸರಿಯಾಗಿ ಬಿಗಿ ಮಾಡಿಲ್ಲ ನೀನು. ಅರ್ಧಂಬರ್ಧ ಕೆಲಸ!"

ಗ್ಯಾರೇಜಿನಲ್ಲಿ ಗಿರಾಕಿಗಳಿದ್ದರು. ಒಬ್ಬ ಲಾರಿಯವನು ಟೀ ಕುಡಿಯುವುದನ್ನು ನಿಲ್ಲಿಸಿ ನೋಡಿದ.

"ಬೋಲ್ಟ್ ಸಡಿಲ ಆದ್ರೆ ಆಯಿಲ್ ನೆಲಕ್ಕೆ ಬೀಳುತ್ತೆ ಅಕ್ಕ, ಹೊಗೆ ಬರಲ್ಲ" ಎಂದ ತಮ್ಮ, ಮೆಲ್ಲಗೆ.

"ನನ್ನ ಕಣ್ಣಿಗೆ ಮಣ್ಣೆರಚಬೇಡ. ದಿನಾ ಬೆಳಿಗ್ಗೆ ಕಡ್ಡಿ ನೋಡ್ತಿರೋಳು ನಾನು."

ತಮ್ಮ ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟ. "ಹಾಗಾದ್ರೆ ಬೇರೆ ಯಾರ ಹತ್ರಾನಾದ್ರೂ ತೋರಿಸು" ಎಂದು ಒಳಗೆ ಹೋದ. ಆ ದಿನ ಅವನು ಊಟಕ್ಕೆ ಕೆಳಗಿಳಿಯಲಿಲ್ಲ. ಮರುದಿನವೂ ಇಲ್ಲ. ಮೆಟ್ಟಿಲ ಮೇಲೆ ಅವನ ಹೆಜ್ಜೆ ಸದ್ದು ಅವಳ ಬಾಗಿಲು ದಾಟಿ ಹೋಗುತ್ತಿತ್ತು. ಅವಳು ಒಬ್ಬಳೇ ಕೂತು ಉಂಡಳು. ಆದರೂ ಜಗ್ಗುವ ಪೈಕಿ ಅಲ್ಲ ಅವಳು.

ಬೇರೆ ಮೆಕ್ಯಾನಿಕ್ಕಿನ ಹತ್ತಿರ ಅವಳು ಹೋಗಲೂ ಇಲ್ಲ. ತಮ್ಮನನ್ನು ಬೈಯುವ ಹಕ್ಕು ತನಗುಂಟು, ಊರಿಗಿಲ್ಲ. ಮಾಡಿದ ಕೆಲಸ ಕೆಟ್ಟಿದೆ ಎಂಬುದನ್ನು ಅವನ ಬಾಯಿಂದಲೇ ಒಪ್ಪಿಸಬೇಕು, ಒಪ್ಪಿದ ಕೂಡಲೇ ಕ್ಷಮಿಸಿ ಊಟಕ್ಕೆ ಕೂರಿಸಬೇಕು. ಅದಕ್ಕೆ ಬೇಕಾದದ್ದು ಲೆಕ್ಕ. ಎಂಜಿನ್ ಎಂದ ಮೇಲೆ ಒಂದಿಷ್ಟು ಆಯಿಲ್ ಸುಡುವುದು ಸಹಜ, ಅವಳಿಗೆ ಗೊತ್ತಿತ್ತು. ಎಷ್ಟು ದೂರಕ್ಕೆ ಎಷ್ಟು ಎನ್ನುವುದೇ ಪ್ರಶ್ನೆ. ಸಮತಟ್ಟಾದ ಜಾಗದಲ್ಲಿ, ತಣ್ಣಗಿರುವ ಎಂಜಿನ್ನಿಗೆ ಮೇಲಿನ ಗುರುತಿನವರೆಗೆ ಅಳೆದು ತುಂಬಿ, ಇಡೀ ದಿನ ಓಡಿಸಿ, ಮರುದಿನ ಅದೇ ಜಾಗದಲ್ಲಿ ನೋಡುವುದು. ಜೊತೆಗೆ ಒಬ್ಬ ಸಾಕ್ಷಿ.

ಸಾಕ್ಷಿಯಾಗಿ ಸಿಕ್ಕವಳು ಟೈಲರಮ್ಮ. ಕ್ಲಚ್ಚು ಬಿಡುವಾಗಲೆಲ್ಲ ಕಣ್ಣು ಮುಚ್ಚಿಕೊಳ್ಳುವ, ಹಾರ್ನ್ ಹೊಡೆದ ಮೇಲೆ ತಾನೇ ಬೆಚ್ಚುವ, ಹೊಲಿಗೆ ಅಂಗಡಿಯ ಹೆಂಗಸು ಅವಳು. ಅಳತೆ ಟೇಪನ್ನು ಕೊರಳಿನಿಂದ ತೆಗೆಯುವುದನ್ನೇ ಮರೆತು ಪಾಠಕ್ಕೆ ಬರುತ್ತಿದ್ದಳು.

ಕಾರನ್ನು ಹಿಂದಿನ ದಿನವೇ ಅಂಗಳದಲ್ಲಿ ಬಿಟ್ಟು ಬಂದಿದ್ದರಿಂದ ಎಂಜಿನ್ ತಣ್ಣಗಿತ್ತು. ಬೆಳಿಗ್ಗೆ ಇಬ್ಬರೂ ಬಂದರು. ಬಿಸಿಲು ಗೋದಾಮಿನ ಸೂರಿನ ಮೇಲಿಂದ ನೇರವಾಗಿ ಬಾನೆಟ್ಟಿನ ಮೇಲೆ ಬೀಳುತ್ತಿತ್ತು. ಬಲ್ಬನ್ನು ಬೈಯಲು ಇಲ್ಲಿ ಜಾಗವಿರಲಿಲ್ಲ. ಮೇಡಂ ಕಡ್ಡಿ ಎಳೆದು, ಹಳೆಯ ದಿಂಬಿನ ಚೀಲದಿಂದ ಒರೆಸಿ, ತೂರಿಸಿ, ಮತ್ತೆ ಎಳೆದು ಕಣ್ಣಿನ ಹತ್ತಿರ ಹಿಡಿದಳು.

"ನೋಡಿ ಟೈಲರಮ್ಮ. ಖಾಲಿ. ಹೌದು ತಾನೆ?"

"ಹೌದು ಮೇಡಂ."

"ಇದನ್ನೇ ನನ್ನ ತಮ್ಮನ ಎದುರಿಗೆ ನಿಂತು ಗಟ್ಟಿಯಾಗಿ ಹೇಳಬೇಕು ನೀವು. ಅವನ ಗಿರಾಕಿಗಳೂ ಇರ್ತಾರೆ. ತಡವರಿಸಬಾರದು."

ಟೈಲರಮ್ಮನ ಮುಖ ಬಾಡಿತು. ಟೇಪಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. "ಮೇಡಂ... ಅವರ ಎದುರಿಗೆ ನಾನು ಸುಳ್ಳು ಹೇಳಕ್ಕಾಗಲ್ಲ. ಅವರ ಹೊಟ್ಟೆಪಾಡಿನ ವಿಷ್ಯ."

"ಸುಳ್ಳು ಹೇಳಿ ಅಂದೋರು ಯಾರ್ರೀ?"

"ಆಯಿಲ್ ಇದೆ ಮೇಡಂ. ತುಂಬ ಇದೆ. ಮೇಲಿನ ಗುರುತು ದಾಟಿ ಇನ್ನೂ ಮೇಲಕ್ಕಿದೆ."

"ಏನ್ರೀ, ಬಟ್ಟೆ ಹೊಲಿದಷ್ಟು ಸುಲಭ ಅಂದ್ಕೊಂಡ್ರಾ ಇದು?" ಎಂದು ಮೇಡಂ ಗದರಿದಳು. ಗದರಿದರೆ ಮುದುಡುತ್ತಿದ್ದ ಹೆಂಗಸು ಈ ಸಲ ಮುದುಡಲಿಲ್ಲ. ಕಡ್ಡಿಯನ್ನು ಮೆಲ್ಲಗೆ ಮೇಡಂ ಕೈಯಿಂದ ಬಿಡಿಸಿಕೊಂಡು, ದಿಂಬಿನ ಚೀಲದ ಒಂದು ಸ್ವಚ್ಛ ಮೂಲೆಯ ಮೇಲೆ ಒತ್ತಿ ಎತ್ತಿದಳು. ಆಮೇಲೆ ಅಭ್ಯಾಸಬಲದಿಂದ ಆ ಕಲೆಗೆ ಟೇಪು ಹಿಡಿದಳು. "ಇಲ್ಲಿಂದ ಇಲ್ಲೀವರೆಗೆ ಒದ್ದೆ ಮೇಡಂ. ಹೊಸ ಆಯಿಲ್ ಅಲ್ವಾ, ತಿಳಿಯಾಗಿದೆ. ಓರೆ ಮಾಡಿ ಹಿಡಿದ್ರೆ ಹೊಳೆಯುತ್ತೆ."

ಮೇಡಂ ಓರೆ ಮಾಡಿ ಹಿಡಿದಳು. ಏನೂ ಹೊಳೆಯಲಿಲ್ಲ. ತನ್ನ ಹಳೆಯ ಕನ್ನಡಕ ಒರೆಸಿಕೊಂಡು ನೋಡಿದಳು. ಕೊನೆಗೆ ಬೆರಳನ್ನು ಕಡ್ಡಿಯ ಉದ್ದಕ್ಕೂ ಎಳೆದಳು. ಕೆಳಗಿನ ಗುರುತಿನ ಕಚ್ಚು ಸಿಕ್ಕಿತು, ಜಿಡ್ಡು. ಮೇಲಿನ ಗುರುತಿನ ಕಚ್ಚು ಸಿಕ್ಕಿತು, ಇನ್ನೂ ಜಿಡ್ಡು. ಅದರಾಚೆಗೂ ಬೆರಳು ಜಾರುತ್ತಲೇ ಹೋಯಿತು.

ಬೆಳಗಾದರೆ ಸುರಿದದ್ದೆಲ್ಲ ಅಲ್ಲೇ ಇತ್ತು. ಮಿತಿ ಮೀರಿದ ಆಯಿಲ್ಲನ್ನು ಎಂಜಿನ್ನು ಕಡೆದು ಕಡೆದು, ಎಲ್ಲಿ ಹಾಕುವುದೆಂದು ತಿಳಿಯದೆ ಸುಟ್ಟು ಹೊಗೆ ಮಾಡಿ ಉಗುಳುತ್ತಿತ್ತು. ಕಾರು ತಾನಾಗಿ ಕುಡಿದಿರಲಿಲ್ಲ, ಅವಳೇ ಬಾಯಿಗೆ ಸುರಿದು ಕುಡಿಸಿದ್ದಳು.

"ಇಷ್ಟು ದಿನ ಯಾಕ್ರೀ ಹೇಳಲಿಲ್ಲ?"

"ಪಾಠದಲ್ಲಿ ಕಡ್ಡಿ ತೋರಿಸಿದಾಗಲೆಲ್ಲ ನೀವು ಖಾಲಿ ಅಂತಿದ್ರಿ ಮೇಡಂ. ನನಗೇ ನೋಡೋಕೆ ಬರಲ್ಲ ಅಂದ್ಕೊಂಡು ಸುಮ್ಮನಾದೆ."

ಮೇಡಂ ಬಿಳಿ ಗೆರೆಯ ಹತ್ತಿರ ಹೋಗಿ ನಿಂತಳು. ಆ ಕಡೆಯ ಗೋಡೆಯ ಪಕ್ಕದ ವ್ಯಾನು ಕಾಣಿಸಿತು. ನಂಬರ್ ಇರಬೇಕಾದಲ್ಲಿ ಹಾಲು ಚೆಲ್ಲಿ ಒರೆಸಿದಂತೆ ಒಂದು ಮಬ್ಬು. ಆ ನಂಬರ್ ಅವಳಿಗೆ ಬಾಯಿಪಾಠ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದಳು. ಅದಕ್ಕೇ ಇಷ್ಟು ಕಾಲ ಅವಳಿಗೆ ಗೊತ್ತಾಗಿರಲಿಲ್ಲ. ನಿನ್ನೆ ಇದೇ ಕಣ್ಣಿನಲ್ಲಿ ತಾನು ಮಕ್ಕಳ ಶಾಲೆಯ ಮುಂದಿನ ರಸ್ತೆಯಲ್ಲಿ ಕಾರು ತಂದದ್ದು ನೆನಪಾಯಿತು. ಹೆದರಿಕೆಯೂ ನಾಚಿಕೆಯೂ ಒಟ್ಟಿಗೆ ಬಂದವು.

"ಫೇಲ್" ಎಂದಳು.

"ಯಾರು ಮೇಡಂ?"

"ನಾನೇ ಕಣ್ರೀ."

ಕಾರಿಗೆ ಬೀಗ ಹಾಕಿ ಕೀಲಿಯನ್ನು ಟೈಲರಮ್ಮನ ಕೈಗಿಟ್ಟಳು. "ನಾನು ಕೇಳಿದ್ರೂ ಕೊಡಬೇಡಿ. ಅತ್ತರೂ ಕೊಡಬೇಡಿ." ಕಡ್ಡಿಯನ್ನು ದಿಂಬಿನ ಚೀಲದಲ್ಲಿ ಸುತ್ತಿಕೊಂಡು ನಡೆದೇ ಹೊರಟಳು. ಅಂಗಳದಿಂದ ಗ್ಯಾರೇಜು ಹತ್ತಿರವೇನಲ್ಲ. ದಾರಿಯಲ್ಲಿ ಟೈಲರಮ್ಮ, "ಸಂಜೆ ಮನೇಲಿ ಅವರು ಒಬ್ಬರೇ ಇದ್ದಾಗ ಹೇಳಬಹುದಲ್ವಾ ಮೇಡಂ?" ಎಂದಳು.

"ಬೈದದ್ದು ನಾಲ್ಕು ಜನರ ಮುಂದೆ. ತಪ್ಪೊಪ್ಪಿಕೊಳ್ಳೋದು ಕೋಣೆಯೊಳಗಾ? ಆಗಲ್ಲ" ಎಂದು ಮೇಡಂ ಇನ್ನೂ ಜೋರಾಗಿ ಹೆಜ್ಜೆ ಹಾಕಿದಳು.

ಗ್ಯಾರೇಜಿನಲ್ಲಿ ಗಿರಾಕಿಗಳು ಇದ್ದರು. ಆ ಲಾರಿಯವನೂ ಇದ್ದ, ಅದೃಷ್ಟವಂತ. ತಮ್ಮ ಒಂದು ಕಾರಿನ ಕೆಳಗಿದ್ದ, ಕಾಲುಗಳಷ್ಟೇ ಕಾಣುತ್ತಿದ್ದವು. ಅವಳು ಆ ಕಾಲುಗಳ ಮುಂದೆ ನಿಂತು, ಬೀದಿಗೆಲ್ಲ ಕೇಳುವಂತೆ ಹೇಳಿದಳು:

"ತಪ್ಪು ನಂದು ಕಣೋ. ನಿನ್ನ ಕೆಲಸ ಸರಿಯಾಗಿತ್ತು. ಎಂಜಿನ್ ತುಂಬಿ ತುಳುಕ್ತಿದೆ. ಕಾಣದೇ ಇದ್ದದ್ದು ನನ್ನ ಕಣ್ಣಿಗೆ."

ತಮ್ಮ ಜಾರಿಕೊಂಡು ಹೊರಗೆ ಬಂದು, ನೆಲದ ಮೇಲೇ ಕೂತು ಅಕ್ಕನ ಮುಖ ನೋಡಿದ. ಅವನ ಸಿಟ್ಟು ಎಲ್ಲಿತ್ತೋ ಅಲ್ಲೇ ಕರಗಿತ್ತು. "ಬಲ್ಬು ಎರಡು ಸಲ ಬದಲಾಯಿಸಿದೆನಲ್ಲ ಅಕ್ಕ" ಎಂದ. "ನನಗಾದ್ರೂ ಹೊಳೀಬೇಕಿತ್ತು." ಅವನ ದನಿ ಒಡೆಯಿತು.

"ಅಳೋದು ಆಮೇಲೆ. ಮೊದ್ಲು ಹೋಗಿ ಜಾಸ್ತಿ ಆಯಿಲ್ ಬಸಿದು ಬಾ. ಸಂಜೆ ಕಣ್ಣಾಸ್ಪತ್ರೆಗೆ ಕರ್ಕೊಂಡು ಹೋಗು. ಊಟ ಆದ ಮೇಲೆ ಅಲ್ಲ, ಊಟಕ್ಕೆ ಮುಂಚೆ. ಆಮೇಲೆ ಇಬ್ಬರೂ ಕೆಳಗೇ ಊಟ ಮಾಡೋಣ."

ಎರಡು ಕಣ್ಣಿಗೂ ಪೊರೆ ಬಂದಿತ್ತು. ಒಂದಾದ ಮೇಲೆ ಒಂದರಂತೆ ತೆಗೆದರು. ಅಷ್ಟು ಕಾಲವೂ ಅವಳು ಶಾಲೆ ಮುಚ್ಚಿದಳು, ಯಾರು ಎಷ್ಟು ಹೇಳಿದರೂ ಕೀಲಿ ಮುಟ್ಟಲಿಲ್ಲ. ಡಾಕ್ಟರು ಒಪ್ಪಿಗೆ ಕೊಟ್ಟರೂ ಅವಳಿಗೆ ಸಾಲಲಿಲ್ಲ. ತಮ್ಮನಿಗೆ ಹೇಳಿ ಗೋಡೆಯ ಪಕ್ಕದಲ್ಲಿ, ತಾನು ಎಂದೂ ಕಾಣದ ಬೇರೊಂದು ಗಾಡಿ ನಿಲ್ಲಿಸಿ, ಟೈಲರಮ್ಮನನ್ನು ಪರೀಕ್ಷಕಿ ಮಾಡಿ, ಬಿಳಿ ಗೆರೆಯ ಮೇಲೆ ನಿಂತಳು. ಒಂದಕ್ಷರ ತಪ್ಪದೆ ಓದಿದಳು.

"ಪಾಸ್ ಮೇಡಂ" ಎಂದು ಟೈಲರಮ್ಮ ಕೀಲಿ ಕೊಟ್ಟಳು.

ಅವಳಿಗೆ ಕೇಳಿಸಲಿಲ್ಲ. ಗಾಡಿಯ ಪಕ್ಕದಲ್ಲಿ ನಿಂತಿದ್ದ ತಮ್ಮನನ್ನೇ ಅವಳು ನೋಡುತ್ತಿದ್ದಳು. "ಲೋ, ನಿನ್ನ ತಲೆ ಯಾವಾಗ ಹೀಗೆ ಬೆಳ್ಳಗಾಯ್ತೋ?"

"ಬಹಳ ದಿನ ಆಯ್ತಕ್ಕ" ಎಂದು ಅವನು ಅಲ್ಲಿಂದಲೇ ನಕ್ಕ. ಅವಳು ಕಣ್ಣೊರೆಸಿಕೊಂಡಳು. ಡಾಕ್ಟರು ಕಣ್ಣುಜ್ಜಬಾರದು ಎಂದಿದ್ದರು, ಆದರೂ ಒರೆಸಿಕೊಂಡಳು.

ಈಗ ಅವಳ ಮೊದಲ ಪಾಠದಲ್ಲಿ ಒಂದು ಹೊಸ ಪರೀಕ್ಷೆ ಸೇರಿದೆ. ಮೇಲಿನ ಗುರುತಿನವರೆಗೆ ಆಯಿಲ್ ಹೊಳೆಯುತ್ತಿರುವ ಕಡ್ಡಿಯನ್ನು ಕಲಿಯುವವರ ಮುಖದ ಮುಂದೆ ಹಿಡಿದು, ಹುಬ್ಬು ಗಂಟಿಕ್ಕಿ, ಆ ಹಳೆಯ ಗಡಸು ದನಿಯಲ್ಲೇ, "ಖಾಲಿ. ಹೌದು ತಾನೆ?" ಎನ್ನುತ್ತಾಳೆ. ಹೆಚ್ಚಿನವರು ತಲೆಯಾಡಿಸುತ್ತಾರೆ. ಅವಳು ಒರೆಸಿ, ತೂರಿಸಿ, ಮತ್ತೆ ಎಳೆದು, ಮತ್ತೆ ಅದನ್ನೇ ಕೇಳುತ್ತಾಳೆ. ಬಿಸಿಲು ಏರಲಿ, ಕಾಲು ನೋಯಲಿ, "ಇಲ್ಲ ಮೇಡಂ, ತುಂಬಿದೆ" ಎಂದು ಎದುರು ನಿಂತು ಹೇಳುವವರೆಗೆ ಯಾರ ಕೈಗೂ ಅವಳು ಕೀಲಿ ಕೊಡುವುದಿಲ್ಲ.