ಒಳಗ ಬಾ ಎಂದು ಕರೆದದ್ದು

'ಬಾಗಿಲು ತೆರೆದಿಟ್ಟರೆ ಗಾಳಿಯಾದರೂ ಬಂದೀತು.' ಇದನ್ನು ಎಲ್ಲೋ ಓದಿದ್ದೆನೋ, ಕಾಲೇಜಿನಲ್ಲಿ ನಾನೇ ಗೀಚಿದ್ದೆನೋ? ಇವತ್ತು ಬೆಳಗಿನಿಂದ ಬಾಗಿಲು ತೆರೆದೇ ಇತ್ತು. ನಮ್ಮ ಶಹಾಪುರದ ಗಾಳಿಯೂ ಬರಲಿಲ್ಲ, ಗೆಳೆಯರೇ.

ಪ್ಲಾಸ್ಟಿಕ್ಕಿನ ಆಟಿಕೆ ಇಟ್ಟಿಗೆ ಜೋಡಿಸಿ ನಾನು ಮಾಡಿದ ರಿಮೋಟ್ ಗಾಡಿ ವಾರದಿಂದ ಹೊಸ್ತಿಲು ಹತ್ತಲಾರದೆ ಹಿಂದಕ್ಕೆ ಮಗುಚುತ್ತಿತ್ತು. ಇವತ್ತು ಬ್ಯಾಟರಿ ಡಬ್ಬಿಯನ್ನು ಮುಂದಿನ ಗಾಲಿಗಳ ಮೇಲಕ್ಕೆ ಸರಿಸಿ, ಗಾಡಿಯನ್ನು ಹೊಸ್ತಿಲಿನ ಹೊರಗೆ ಇಟ್ಟೆ. ಒಳಗೆ ನೆಲದ ಮೇಲೆ ಕುಳಿತು, "ಬಾ, ಬಾ, ಒಳಗ ಬಾ" ಎಂದು ಕೂಗುತ್ತ ರಿಮೋಟ್ ಒತ್ತಿದೆ.

ಹತ್ತಿಯೇಬಿಟ್ಟಿತು! ಯಾರಿಗೆ ತೋರಿಸಲಿ ಎಂದು ತಲೆ ಎತ್ತಿದರೆ, ಪಕ್ಕದ ಮನೆಯ ಶಾಂತಮ್ಮ ಬಾಗಿಲಲ್ಲಿ ನಿಂತಿದ್ದರು.

"ಒಳಗ ಬಾ ಅಂತ ಕರಿಯೋದು ಕೇಳಿಸ್ತ್ರಿ ಅಕ್ಕಾರ. ಅಪರೂಪಕ್ಕ ನಿಮ್ಮ ಮನಿಗಿ ಯಾರೋ ಬಂದಾರಂತ ಎರಡು ಕಪ್ ಚಾ ತಂದೀನಿ. ಎಲ್ಲಿ ಅದಾರ್ರಿ ಅವರು?"