ಆಚೆಗೆ ತೆರೆಯುವ ಹಿಂಬಾಗಿಲು

ಎಂಬತ್ತರ ದಶಕದ ಒಂದು ಮಾರ್ಚ್ ತಿಂಗಳು, ಬುಧವಾರ, ಬೆಳಿಗ್ಗೆ ಒಂಬತ್ತು ಗಂಟೆ. ಯಳಂದೂರು ತಾಲ್ಲೂಕಿನ ಮಾಂಬಳ್ಳಿಯ ಸಮೀಪ ಹೊಸದಾಗಿ ಕಟ್ಟಿದ ರೇಷ್ಮೆ ನೂಲು ಬಿಚ್ಚುವ ಶೆಡ್ಡು. ಹಾಜರಿದ್ದವರು ಶೆಡ್ಡಿನ ಯಜಮಾನರು, ಬಾಗಿಲು ಮಾಡಿದ ಆಚಾರ್ರು, ಕೆಲಸಕ್ಕೆ ಸೇರಲಿದ್ದ ಹದಿನೆಂಟು ಹೆಂಗಸರು, ನಕ್ಷೆ ಬರೆದು ಕಟ್ಟಿಸಿದ ನಾನು.

ಸೈನ್ಯದ ಕಟ್ಟಡ ವಿಭಾಗದಲ್ಲಿ ದುಡಿದು ಕೊಳ್ಳೇಗಾಲಕ್ಕೆ ಮರಳಿದವನು ನಾನು. ಬೀಗದ ಕೈ ಒಪ್ಪಿಸುವ ಮೊದಲು ಒಂದು ಪರೀಕ್ಷೆ ಮಾಡುವುದು ನನ್ನ ಪದ್ಧತಿ. ಒಳಗಿರಬೇಕಾದವರನ್ನೆಲ್ಲ ಕೂರಿಸಿ, ಸೀಟಿ ಊದಿ, ಎಲ್ಲರೂ ಆಚೆ ಬರಲು ಎಷ್ಟು ಹೊತ್ತಾಗುತ್ತದೆಂದು ಗಡಿಯಾರ ನೋಡುತ್ತೇನೆ. ಗೂಡು ಬೇಯಿಸುವ ಒಲೆ, ಬಾಯ್ಲರು, ಒಣ ಸೌದೆ ಇರುವ ಕಡೆ ಇದನ್ನು ಬಿಡುವ ಹಾಗೇ ಇಲ್ಲ. ಈ ಶೆಡ್ಡಿನಲ್ಲಿ ಶುಕ್ರವಾರ ಪೂಜೆ ಮಾಡಿ ಒಲೆಗೆ ಮೊದಲ ಬೆಂಕಿ ಹಾಕುವವರಿದ್ದರು.

ಮುಂದೊಂದು ಬಾಗಿಲು, ಹಿಂದೊಂದು ಬಾಗಿಲು. ನಕ್ಷೆಯ ಮೇಲೆ ನನಗೆ ಪೂರ್ಣ ನಂಬಿಕೆಯಿತ್ತು. ಬಿಸಿನೀರಿನ ಗೂಡಿನಿಂದ ನೂಲು ತೆಗೆಯುವ ಬೇಸಿನ್ನುಗಳಲ್ಲಿ ಹಿಂಬಾಗಿಲ ಪಕ್ಕದ ಕೊನೆಯದನ್ನು ಒಬ್ಬ ಹೆಂಗಸು ಕೇಳಿ ಪಡೆದಿದ್ದಳು. ಆಕೆಯ ಎಡಗಾಲು ಚಿಕ್ಕಂದಿನಿಂದ ಸೊಟ್ಟ. ಕೋಲು ಊರಿ ನಡೆಯುವವಳು. ಓಡಲಾಗದವಳು ಬಾಗಿಲಿಗೆ ಹತ್ತಿರವಿರಲಿ ಎಂದು ನಾನೂ ಒಪ್ಪಿದ್ದೆ.

ಸೀಟಿ ಊದಿದೆ. ಹೆಂಗಸರು ನಗುತ್ತಲೇ ಎದ್ದರು, ಅರ್ಧ ಜನ ಮುಂದಕ್ಕೆ, ಅರ್ಧ ಜನ ಹಿಂದಕ್ಕೆ. ಹಿಂಬಾಗಿಲನ್ನು ಮೊದಲು ಮುಟ್ಟಿದವಳು ಆಕೆಯೇ. ಅಷ್ಟರಲ್ಲಿ ಉಳಿದವರು ಬೆನ್ನ ಮೇಲೆ ನುಗ್ಗಿದರು. ಕದವನ್ನು ಒಳಕ್ಕೆ ಎಳೆಯಲು ಒಂದು ಹೆಜ್ಜೆ ಹಿಂದೆ ಸರಿಯಬೇಕು, ಸರಿಯಲು ಜಾಗವಿಲ್ಲ. ನಗು ನಿಂತು ಕೂಗೆದ್ದಿತು. ನಾನು ಒಳಗೆ ಓಡಿ ಗದರಿ ಎಲ್ಲರನ್ನೂ ಹಿಂದಕ್ಕೆ ಸರಿಸಿದ ಮೇಲೆ ಕದ ತೆರೆಯಿತು. ಆಕೆಯ ಮೊಣಕೈ ತರಚಿತ್ತು.

"ಸಾ, ನಾನು ಆಚೀಕ್ ಓಯ್ತಿದ್ರೆ ನಿಮ್ ಬಾಗ್ಲು ಒಳೀಕ್ ಬತ್ತದಲ್ಲ! ಇಬ್ರೂ ಎದ್ರುಬದ್ರು ಬಂದ್ರೆ ದಾರಿ ಯಾರ್ ಬುಡಬೇಕು?" ಎಂದಳು. "ಇಂಗೇ ಇದ್ರೆ ನಾನು ಕೆಲ್ಸಕ್ಕೆ ಬರಕ್ಕಿಲ್ಲ ಕಣ್ರಿ. ಕೂಲಿ ಬೇಕು, ನಿಜ. ಅದ್ಕೆ ಬೆಂದು ಸಾಯಕ್ಕಾದದಾ?"

ನಕ್ಷೆ ಬಿಚ್ಚಿ ನೋಡಿದೆ. ಬಾಗಿಲಿನ ಉದ್ದ ಅಗಲ ಬರೆದಿದ್ದೆ, ಕದ ಯಾವ ಕಡೆಗೆ ತೆರೆಯಬೇಕೆಂದು ಬರೆದಿರಲಿಲ್ಲ. ನಮ್ಮ ಕಡೆ ಯಾರೂ ಬರೆಯುವುದಿಲ್ಲ. ಬಾಗಿಲೆಂದರೆ ಒಳಕ್ಕೇ ತೆರೆಯುವುದು.

ಹಿಂಬಾಗಿಲನ್ನು ಆಚೆಗೆ ತೆರೆಯುವ ಹಾಗೆ ಕೂರಿಸಿ ಎಂದು ಆಚಾರ್ರಿಗೆ ಹೇಳಿದೆ. ಅವರು ಉಳಿ ಕೆಳಗಿಟ್ಟರು.

"ಅಂತಾ ಬಾಗ್ಲು ಎಲ್ಲಾರ ಕಂಡಿದ್ದೀರಾ ಸಾ? ಬರೋ ಲಕ್ಷ್ಮಿ ಮೊಕಕ್ಕೆ ಕದ ಬಡ್ದಂಗಾಯ್ತದೆ. ನಮ್ಮಪ್ಪನ ಕಾಲದಿಂದ್ಲೂ ಮಾಡಿಲ್ಲ."

ಯಜಮಾನರು ನನ್ನ ಮುಖ ನೋಡಿದರು. ಎರಡು ದಿನಕ್ಕೆ ಪೂಜೆ. ಅವರ ಅಳುಕು ನನಗೆ ಅರ್ಥವಾಯಿತು. ಮಾತಾಡಿದವಳು ಆಕೆ.

"ಲಕ್ಷ್ಮಿ ಇಂದ್ಲು ಬಾಗ್ಲಲ್ಲಿ ಕಳ್ಳಿ ತರ ಬಂದಾಳಾ ಆಚಾರ್ರೇ? ಅವ್ಳಿಗೆ ಮುಂದ್ಲು ಬಾಗ್ಲು ಅದೆ. ಇಂದ್ಲದ್ನ ಈ ಕುಂಟಿಗೆ ಬುಡಿ."

ಎಲ್ಲರೂ ನಕ್ಕರು. ಯಜಮಾನರೂ ನಕ್ಕು, "ಮಾಡ್ಬುಡಿ ಆಚಾರ್ರೇ," ಎಂದರು.

"ಕಾಲು ಓಡ್ದಿದ್ರೂ ಬಾಯಿ ಓಡ್ತದೆ ಕಣವ್ವ ನಿಂದು," ಎಂದು ಗೊಣಗುತ್ತ ಆಚಾರ್ರು ಉಳಿ ಎತ್ತಿಕೊಂಡರು. ಮುಂಬಾಗಿಲಿನ ಎರಡೂ ಕದಗಳನ್ನು ಕೆಲಸದ ವೇಳೆಯಲ್ಲಿ ಪೂರ್ತಿ ತೆರೆದು ಗೋಡೆಗೆ ಕೊಕ್ಕೆ ಹಾಕಿರಬೇಕೆಂದು ಗೊತ್ತುಮಾಡಿದೆವು.

ಆಮೇಲಿನ ವರ್ಷಗಳಲ್ಲಿ ಕೊಳ್ಳೇಗಾಲ, ಹನೂರುಗಳಲ್ಲಿ ಎಷ್ಟೋ ಕಟ್ಟಡಗಳ ನಕ್ಷೆ ಬರೆದೆ. ಜನ ಸೇರುವ ಪ್ರತಿಯೊಂದರಲ್ಲೂ ಕದ ಆಚೆಗೆ ತೆರೆಯುವ ಗೆರೆಯನ್ನು ಮೊದಲು ಎಳೆದಿದ್ದೇನೆ. ಬೇರೆ ಯಾರಾದರೂ ಆಗಿದ್ದರೆ ಮೊಣಕೈ ಒರೆಸಿಕೊಂಡು ಸುಮ್ಮನೆ ಮನೆಗೆ ಹೋಗುತ್ತಿದ್ದರು. ಆಕೆ ಕೂಲಿ ತಪ್ಪಿದರೂ ಸರಿಯೆಂದು ನಿಂತು ಹೇಳಿದಳು. ಆ ಉಪಕಾರವನ್ನು ನಾನು ಮರೆತಿಲ್ಲ.

ಅಂದು ಮಧ್ಯಾಹ್ನ ಮೂರು ಗಂಟೆಗೆ ಕದ ಕೂತಿತು. ತಳ್ಳಿದರೆ ಅರ್ಧಕ್ಕೇ ನಿಂತಿತು; ಆಚೆ ನಾನೇ ಸುರಿಸಿದ್ದ ಮರಳಿನ ಗುಡ್ಡೆ! ಹೆಂಗಸರು ಸಾಲಾಗಿ ನಿಂತು ಬುಟ್ಟಿ ದಾಟಿಸಿ ಅದನ್ನು ತೆರವು ಮಾಡಿದರು. ಮತ್ತೆ ಸೀಟಿ ಊದಿದೆ. ಆಕೆ ಕೋಲಿನ ತುದಿಯಿಂದಲೇ ಕದ ತಳ್ಳಿ ಹೊರಗೆ ಬಂದಳು. ಹಿಂದಿದ್ದವರು ಒಬ್ಬರನ್ನೊಬ್ಬರು ತಾಕದೆ ಬಂದರು.

"ಸುಕ್ರವಾರ ಬತ್ತೀನಿ ಸಾ," ಎಂದು ಹೇಳಿ ಹೊರಟಳು.

ಮರಳಿದ್ದ ಜಾಗದಲ್ಲಿ ಮುಂದೆ ಯಾರೂ ಸೌದೆ ಪೇರಿಸಬಾರದಲ್ಲ, ಅದಕ್ಕೆ ಕದ ತಿರುಗುವಷ್ಟು ನೆಲದ ಸುತ್ತ ಸುಣ್ಣದ ಗೆರೆ ಎಳೆದು ಮುಗಿಸಿದಾಗ ಸಂಜೆ ಐದೂಮುಕ್ಕಾಲು.